‘ಸ್ವಲ್ಪ ಪೆಟ್ಟಾಗಿದೆ, ಹೊರಟುಬಿಡಿ’

ಸ್ಕೀ ಹಲಗೆಗಳನ್ನು ನಾನು ಇವತ್ತಿನವರೆಗೆ ಕಾಲಿಗೆ ಕಟ್ಟಿಕೊಂಡವಳಲ್ಲ. ಕುಂದಾಪುರದ ಹೆಂಗಸಿಗೆ ಆ ಉಸಾಬರಿ ಯಾಕೆ ಹೇಳಿ. ಆದರೆ ಆಲ್ಪ್ಸ್ ಪರ್ವತದ ಯಾವ ಕಣಿವೆಗೆ ಯಾವ ಆಸ್ಪತ್ರೆ ಹತ್ತಿರ, ಮಂಡಿ ತಿರುಚಿಕೊಂಡವರನ್ನು ಊರಿಗೆ ತರಲು ವಿಮಾನದಲ್ಲಿ ಎಷ್ಟು ಸೀಟು ಹಿಡಿಯಬೇಕು, ಎಲ್ಲಿಯ ಹೆಲಿಕಾಪ್ಟರ್ ಮೋಡ ಕವಿದರೆ ಏಳುವುದಿಲ್ಲ, ಇವನ್ನೆಲ್ಲ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಎರಡು ಸಾವಿರದ ಇಸವಿಯ ಆಚೀಚೆ ಆರು ಚಳಿಗಾಲ ನಾನು ಮಾಡಿದ್ದು ಅದೇ ಕೆಲಸ. ಪರದೇಶಕ್ಕೆ ರಜಕ್ಕೆಂದು ಹೋದವರು ಅಲ್ಲಿ ಕೈಕಾಲು ಮುರಿದುಕೊಂಡರೆ ಫೋನ್ ಮಾಡುವುದು ಪ್ರಯಾಣ ವಿಮೆಯವರ ಪರವಾಗಿ ನಡೆಯುವ ನಮ್ಮ ಆಫೀಸಿಗೆ. ಉತ್ತರ ಲಂಡನ್ನಿನಲ್ಲಿ ಒಂದು ಕಾರ್ಪೆಟ್ ಅಂಗಡಿಯ ಮೇಲಿನ ಮಹಡಿ. ಹನ್ನೆರಡು ಮೇಜು, ಎರಡು ಫ್ಯಾಕ್ಸ್ ಯಂತ್ರ, ಗೋಡೆಯ ತುಂಬ ಭೂಪಟ. ಕ್ವೀನ್ಸ್‌ಬರಿಯ ನಮ್ಮ ಮನೆಯಿಂದ ಟ್ಯೂಬ್ ರೈಲಿನಲ್ಲಿ ಹತ್ತು ನಿಮಿಷ.

ಕೆಲಸಕ್ಕೆ ಒಂದು ಕ್ರಮವಿತ್ತು. ಫೋನ್ ಬಂದ ಕೂಡಲೇ ಫೈಲು ತೆರೆಯಬೇಕು. ಏನಾಯಿತು, ಎಲ್ಲಿ, ಎಷ್ಟು ಹೊತ್ತಿಗೆ, ಈಗ ಯಾರ ಕೈಯಲ್ಲಿದ್ದಾರೆ ಎಂದು ಕೇಳಿ ಬರೆಯಬೇಕು. ಆಮೇಲೆ ಅಲ್ಲಿಯ ಆಸ್ಪತ್ರೆಗೆ ಫೋನ್ ಮಾಡಿ ವೈದ್ಯರ ವರದಿ ತರಿಸಿ ನಮ್ಮ ಆಫೀಸಿನಲ್ಲೇ ಕೂರುವ ಡೆಸ್ಕ್ ಡಾಕ್ಟರ ಮುಂದಿಡಬೇಕು. ಮನೆಯವರಿಗೆ ತಿಳಿಸುವುದೂ ಫೈಲು ತೆರೆದವರದೇ ಕೆಲಸ. ಅದಕ್ಕೆ ಎರಡು ದಿನದ ತರಬೇತಿಯೇ ಕೊಟ್ಟಿದ್ದರು. ನಮ್ಮ ಶಿಫ್ಟ್ ಲೀಡರ್, ಐರಿಷ್ ಹೆಂಗಸು, ಹೇಳುತ್ತಿದ್ದಳು: “ದನಿ ಮೆತ್ತಗಿರಲಿ, ಸುದ್ದಿಯನ್ನು ಮೆತ್ತಗೆ ಮಾಡಬೇಡಿ.” ಇಂಗ್ಲಿಷಿನಲ್ಲಿ ನಾನು ಅದರಲ್ಲಿ ಪಳಗಿದ್ದೆ. ನನ್ನದು ಕಲ್ಲಿನ ಎದೆ ಎಂದು ಪಕ್ಕದ ಮೇಜಿನವರು ತಮಾಷೆ ಮಾಡುತ್ತಿದ್ದರು. ನನಗೂ ಒಳಗೊಳಗೇ ಅದರ ಜಂಬವಿತ್ತು ಅನ್ನಿ.

ಫೆಬ್ರವರಿಯ ಒಂದು ಶನಿವಾರ. ಬೆಳಗ್ಗೆ ಏಳರಿಂದ ಮೂರರ ಶಿಫ್ಟು. ಮುಂದೆ ಹೇಳುವ ಗಂಟೆಗಳೆಲ್ಲ ಲಂಡನ್ನಿನವು. ಹತ್ತಕ್ಕೆ ಐದು ನಿಮಿಷವಿರುವಾಗ ಸ್ವಿಟ್ಜರ್‌ಲ್ಯಾಂಡಿನಿಂದ ಒಂದು ಫೋನ್ ಬಂತು. ಮಾತಾಡಿದವನು ಇಂಗ್ಲಿಷ್ ಹುಡುಗ, ಲಂಡನ್ನಿನಲ್ಲಿ ಕಿರಿಯ ಡಾಕ್ಟರು. ಅವನ ಹಲ್ಲು ಕಟಕಟ ಎನ್ನುವುದು ಫೋನಿನಲ್ಲೇ ಕೇಳಿಸುತ್ತಿತ್ತು. ಗೆಳತಿಗೆ ಅಪಘಾತವಾಗಿದೆ ಎಂದ. ಹೆಸರು ಹೇಳಿದ. ಬರೆದುಕೊಳ್ಳುತ್ತಿದ್ದ ನನ್ನ ಕೈ ನಿಂತಿತು. ಅದು ಧಾರವಾಡದ ಕಡೆಯ ಮನೆತನದ ಹೆಸರು. ವಯಸ್ಸು ಇಪ್ಪತ್ತೇಳು, ಅವಳೂ ಡಾಕ್ಟರು. ತುರ್ತಿಗೆ ಕೊಟ್ಟ ಫೋನ್ ನಂಬರು ತಾಯಿಯದು, ದಕ್ಷಿಣ ಲಂಡನ್ನಿನ ಸಟನ್‌ನ ಮನೆ.

ಏನಾಯಿತು ಎಂದು ಕೇಳಿದೆ. ಅವನು ಮೊದಲಿನಿಂದ ಹೇಳತೊಡಗಿದ. ನಾನು ತಡೆಯಲಿಲ್ಲ. ಅಂಥವರು ಒಂದನ್ನೂ ಬಿಡದೆ ಹೇಳಿದರೇನೇ ಬೇಕಾದ್ದು ಸಿಗುವುದು.

ನಾಲ್ವರು. ಜನ ಜಾರುವ ಗುರುತು ಹಾಕಿದ ದಾರಿ ಬಿಟ್ಟು, ತಾವೇ ಹತ್ತಿ ತಾವೇ ಇಳಿಯುವ ಸ್ಕೀಯಿಂಗ್. ಬೆಟ್ಟದ ನಡುವಿನ ಒಂದು ಗುಡಿಸಲಿನಲ್ಲಿ ತಂಗಿ, ನಸುಕಿನಲ್ಲಿ ಹೊರಟಿದ್ದರು. ಹಲಗೆಯ ಅಡಿಗೆ ಒರಟು ಪಟ್ಟಿ ಅಂಟಿಸಿಕೊಳ್ಳುತ್ತಾರೆ. ಅದು ಮುಂದಕ್ಕೆ ಜಾರಲು ಬಿಡುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ಹಾಗೆ ಅಡ್ಡಡ್ಡ ತಿರುವಿನಲ್ಲಿ ಮೂರು ಗಂಟೆ ಹತ್ತಿದರು. ಶಿಖರದ ಕೆಳಗೆ ಬೆಟ್ಟ ನೆಟ್ಟಗಾಯಿತು. ಹಲಗೆ ಬೆನ್ನಿಗೆ ಕಟ್ಟಿ, ಬೂಟಿನ ತುದಿಯಿಂದ ಹಿಮದಲ್ಲಿ ಮೆಟ್ಟಿಲು ಒದೆಯುತ್ತ ಹೋದರು. ಮುಂದೆ ಮೆಟ್ಟಿಲು ಮಾಡುತ್ತಿದ್ದವಳು ಅವಳೇ. ನಾಲ್ವರಲ್ಲಿ ಹೆಚ್ಚು ಅನುಭವ ಅವಳದಿತ್ತು. ಮೇಲೆ ಮುಟ್ಟಿದಾಗ ಬಿಸಿಲು, ಗಾಳಿಯಿಲ್ಲ. ಫ್ಲಾಸ್ಕಿನ ಚಹಾ ಕುಡಿದರು.

ಇಳಿಯುವ ಮೊದಲು ಅವಳು, ಕುಸಿಯುವ ಹಿಮವೋ ಏನೋ ಎಂದು, ಸಲಿಕೆಯಲ್ಲಿ ಕಡಿದು ಪದರ ನೋಡಿದಳಂತೆ. ಪರವಾಗಿಲ್ಲ ಅಂದಳು. ಆದರೂ ಒಬ್ಬೊಬ್ಬರಾಗಿ ಇಳಿಯಬೇಕು, ಒಬ್ಬರು ಕೆಳಗಿನ ಬಂಡೆಯ ಮರೆ ಸೇರಿ ಕೈ ಎತ್ತುವವರೆಗೆ ಇನ್ನೊಬ್ಬರು ಹೊರಡಕೂಡದು ಅಂದಳು. ಇವರಿಗೆ ಅವಸರ, ಅವಳನ್ನು ಹೆಡ್‌ಮಿಸ್ಟ್ರೆಸ್ ಎಂದು ಛೇಡಿಸಿದರು. ಮೂವರು ಇಳಿದು ಬಂಡೆ ಸೇರಿದರು. ಕೊನೆಯದಾಗಿ ಅವಳು ಹೊರಟಳು. ನಾಲ್ಕನೆಯ ತಿರುವು ತೆಗೆದುಕೊಳ್ಳುವಾಗ ಧಡ್ ಎಂದು ಸದ್ದು. ಅವಳ ಮೇಲ್ಗಡೆಯ ಹಿಮವೆಲ್ಲ ಒಂದೇ ಚಪ್ಪಡಿಯಾಗಿ ಕಳಚಿಕೊಂಡು ಬಂತು. ಗಾಳಿ ತಂದು ಪೇರಿಸಿದ್ದ ಹಿಮ. ಅವಳು ಕಡಿದು ನೋಡಿದ್ದು ಅಲ್ಲಿಂದ ಇಪ್ಪತ್ತು ಹೆಜ್ಜೆ ಆಚೆ.

“ಅವಳ ಮಾತು ಕೇಳದಿದ್ದರೆ ನಾವು ನಾಲ್ವರೂ ಅದರ ಕೆಳಗಿರುತ್ತಿದ್ದೆವು,” ಎಂದು ಹುಡುಗ ಅತ್ತುಬಿಟ್ಟ.

ಕಾದೆ. ಮತ್ತೆ ಕೇಳಿದೆ, ಎಷ್ಟು ಹೊತ್ತು ಹೂತಿದ್ದಳು? ಎಂಟೂ ಮುಕ್ಕಾಲಿಗೆ ಹಿಮ ಕುಸಿದದ್ದು. ಎಲ್ಲರ ಎದೆಗೂ ಸಣ್ಣ ರೇಡಿಯೋ ಪೆಟ್ಟಿಗೆ ಕಟ್ಟಿರುತ್ತದೆ, ಹೂತವರದು ಸದ್ದು ಕೊಡುತ್ತದೆ. ಅದರ ಜಾಡು ಐದು ನಿಮಿಷಕ್ಕೆ ಸಿಕ್ಕಿತು. ಉದ್ದ ಸಲಾಕೆ ಚುಚ್ಚಿ ನೋಡಿದರೆ ಅವಳಿದ್ದದ್ದು ಒಂದಾಳೆತ್ತರಕ್ಕಿಂತ ಹೆಚ್ಚು ಆಳದಲ್ಲಿ. ಕುಸಿದ ಹಿಮ ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು. ಮುಖ ಸಿಗುವಾಗ ಒಂಬತ್ತು ಇಪ್ಪತ್ತೈದು. ನಲವತ್ತು ನಿಮಿಷ.

ನಮ್ಮ ಫಾರಮಿನಲ್ಲಿ ಒಂದು ಪ್ರಶ್ನೆ ಇದೆ. ಬಾಯಲ್ಲಿ ಹಿಮ ತುಂಬಿತ್ತೋ ಇಲ್ಲವೋ. ಉಸಿರಾಡಲು ಒಂದಿಷ್ಟು ಜಾಗವಿದ್ದರೆ ಆಸೆ, ಇಲ್ಲದಿದ್ದರೆ ಕಷ್ಟ. ಅವನೂ ಡಾಕ್ಟರೇ, ನಾನು ಯಾಕೆ ಕೇಳುತ್ತಿದ್ದೇನೆಂದು ಗೊತ್ತಿತ್ತು. “ತುಂಬಿತ್ತು,” ಎಂದ. ನಾಡಿ ಇರಲಿಲ್ಲ. ಎದೆ ಒತ್ತುತ್ತಲೇ ಹೆಲಿಕಾಪ್ಟರಿಗೆ ಏರಿಸಿದ್ದರು. ಉಳಿದ ಮೂವರನ್ನು ಅದೇ ಎರಡನೆಯ ಸಲ ಬಂದು ಕೆಳಗಿಳಿಸಿತ್ತು. ಫೋನ್ ಇಡುವ ಮೊದಲು ಕೇಳಿದ: “ಅವಳ ಅಮ್ಮನಿಗೆ ನೀವೇ ಹೇಳುತ್ತೀರಲ್ಲ? ನನ್ನಿಂದ ಆಗುವುದಿಲ್ಲ.”

ಹತ್ತೂ ಹತ್ತಕ್ಕೆ ಸಟನ್ನಿಗೆ ಫೋನ್ ಮಾಡಿದೆ. ಕಂಪನಿಯ ಹೆಸರು ಹೇಳಿ ಇಂಗ್ಲಿಷಿನಲ್ಲೇ ಶುರು ಮಾಡಿದೆ, ನಿಮ್ಮ ಮಗಳ ವಿಷಯವಾಗಿ ಮಾತಾಡಬೇಕು, ಜೊತೆಗೆ ಯಾರಾದರೂ ಇದ್ದಾರೆಯೇ ಎಂದು. ಆಕೆ ಫೋನನ್ನು ಬಾಯಿಂದ ಆಚೆ ಹಿಡಿದು, ತನ್ನಷ್ಟಕ್ಕೆ, “ಅಯ್ಯ ನಮ್ಮವ್ವಾ” ಅಂದರು.

ಅಷ್ಟೇ ಸಾಕಾಯಿತು. “ಅಕ್ಕಾ, ನಾನೂ ಕನ್ನಡದವಳೇ” ಎಂದುಬಿಟ್ಟೆ.

“ಹೌದೇನವಾ? ಛಲೋ ಆತು. ನಾ ಒಬ್ಬಾಕೀನ ಅದೀನಿ, ಅವ್ರ ಅಪ್ಪಾರು ಕೆಲಸಕ್ಕ ಹೋಗ್ಯಾರ. ಏನಾಗೇದ ಅಕೀಗೆ? ಖರೇ ಹೇಳು.”

ಇಂಗ್ಲಿಷಿನಲ್ಲಿ ಎಷ್ಟೋ ಸಲ ಹೇಳಿದ ಮಾತು, ಹೃದಯ ನಿಂತಿದೆ, ಎದೆ ಒತ್ತುತ್ತಿದ್ದಾರೆ, ಬದುಕುವುದು ಕಷ್ಟ, ಕನ್ನಡದಲ್ಲಿ ನನ್ನ ಬಾಯಿಗೆ ಬರಲಿಲ್ಲ. ಮನೆಯಲ್ಲಿ ಒಬ್ಬಳೇ ಇರುವ ತಾಯಿಗೆ ಹಾಗೆ ಹೇಳುವ ಕ್ರಮ ನಮ್ಮಲ್ಲಿ ಇಲ್ಲವೇ ಇಲ್ಲ. ನನ್ನ ಅಪ್ಪ ತೀರಿಹೋದಾಗ ಅಣ್ಣ ಊರಿಂದ ಫೋನ್ ಮಾಡಿ ಹೇಳಿದ್ದು “ಅಪ್ಪಯ್ಯಂಗೆ ಸ್ವಲ್ಪ ಹುಷಾರಿಲ್ಲೆ, ಹೊರಟ್ ಬಾ” ಎಂದು. ರಿಸೀವರ್ ಇಡುವ ಮೊದಲೇ ನನಗೆ ತಿಳಿದಿತ್ತು. ಅವನು ಬಾಯಿಬಿಟ್ಟು ಹೇಳಲಿಲ್ಲ, ನಾನು ಬಾಯಿಬಿಟ್ಟು ಕೇಳಲಿಲ್ಲ. ನಮ್ಮವರಿಗೆ ಅಷ್ಟು ಹೇಳಿದರೆ ಸಾಕು, ದಾರಿಯುದ್ದಕ್ಕೂ ಮನಸ್ಸು ತಯಾರಾಗುತ್ತದೆ. ನಾನೂ ಅದನ್ನೇ ಮಾಡಿದೆ.

“ಹಿಮದಲ್ಲಿ ಬಿದ್ದು ಸ್ವಲ್ಪ ಪೆಟ್ಟಾಗಿದೆ ಅಕ್ಕಾ. ಆಸ್ಪತ್ರೆಗೆ ಕರಕೊಂಡು ಹೋಗಿದ್ದಾರೆ. ನೀವಿಬ್ಬರೂ ಹೊರಟುಬಿಡಿ. ಗ್ಯಾಟ್‌ವಿಕ್‌ನಿಂದ ಹನ್ನೆರಡೂ ಕಾಲಿಗೆ ವಿಮಾನ ಇದೆ. ಎರಡು ಸೀಟು ಹಿಡಿದಿಡ್ತೇನೆ.”

“ಸ್ವಲ್ಪ ಪೆಟ್ಟಲಾ?” ಅಂದರು. ದನಿ ಹಗುರಾಯಿತು. “ಹಂಗಾರ ಆತು ಬಿಡು. ನನ್ನ ಎದಿ ಒಡೆದ ಹೋಗಿತ್ತು ನೋಡು. ಸಾಲ್ಯಾಗಿದ್ದಾಗ ಒಮ್ಮೆ ಟೀಚರ್ ಕರಕೊಂಡ ಹೋಗಿದ್ರು, ಅವತ್ತಿಂದ ಹತ್ತೇದ ಅಕೀಗೆ ಈ ಹುಚ್ಚು. ಬರ್ಲಿ, ಕಾಲು ಮುರದ ಕೂಡಸ್ತೀನಿ.”

ಹೊರಡಿ, ಬೇಗ ಹೊರಡಿ ಎಂದು ಎರಡು ಸಲ ಹೇಳಿದೆ. ಹೂಂ ಅಂದರು. ಅರ್ಥವಾಯಿತು, ತೋರಿಸಿಕೊಳ್ಳುತ್ತಿಲ್ಲ ಅಷ್ಟೇ ಎಂದುಕೊಂಡೆ. ನಾನು ಅಣ್ಣನ ಫೋನಿನಲ್ಲಿ ಹಾಗೇ ಇದ್ದೆನಲ್ಲ. ಫೈಲಿನಲ್ಲಿ ‘ತಾಯಿಗೆ ತಿಳಿಸಲಾಗಿದೆ’ ಎಂದು ಬರೆದೆ.

ಹನ್ನೊಂದರ ಹೊತ್ತಿಗೆ ಆಸ್ಪತ್ರೆಯ ವರದಿ ಫ್ಯಾಕ್ಸಿನಲ್ಲಿ ಬಂತು. ಅಲ್ಲಿ ಬರೆದದ್ದನ್ನು ಡೆಸ್ಕ್ ಡಾಕ್ಟರ್ ನನಗೆ ಬಿಡಿಸಿ ಹೇಳಿದರು. ಮೂವತ್ತೇಳಿರಬೇಕಾದ ಮೈಯ ಉಷ್ಣ ಇಪ್ಪತ್ತನಾಲ್ಕು ಡಿಗ್ರಿ. ಹೃದಯ ಬಡಿಯುತ್ತಿಲ್ಲ. ಅಷ್ಟು ತಣ್ಣಗಾದವರನ್ನು ಸತ್ತರೆಂದು ಹೇಳುವ ಹಾಗಿಲ್ಲ, ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ಮೆಲ್ಲಗೆ ಬೆಚ್ಚಗೆ ಮಾಡಿ ನೋಡುತ್ತಾರೆ. ಕೆಲವರ ಎದೆ ಮತ್ತೆ ಬಡಿದದ್ದುಂಟು. ಆದರೆ ರಕ್ತದಲ್ಲಿ ಐದರೊಳಗೆ ಇರಬೇಕಾದ ಪೊಟ್ಯಾಸಿಯಂ ಹನ್ನೊಂದಿದೆ, ಅಂದರೆ ತಣ್ಣಗಾಗುವ ಮೊದಲೇ ಉಸಿರು ಕಟ್ಟಿರಬೇಕು. ಯಂತ್ರಕ್ಕೆ ಹಾಕಿದ್ದಾರೆ. ಸಂಜೆಯವರೆಗೆ ಇಟ್ಟರೆ ಹೆಚ್ಚು.

“ಮನೆಯವರು ಹೊರಟರಾ?” ಎಂದು ಕೇಳಿದರು.

“ಹೊರಟಿರಬೇಕು,” ಎಂದೆ.

ಹನ್ನೊಂದೂ ಕಾಲಿಗೆ ವಿಮಾನದ ಕಂಪನಿಯಿಂದ ಫೋನ್: ನೀವು ಹಿಡಿದ ಎರಡು ಸೀಟಿನವರು ಇನ್ನೂ ಬಂದಿಲ್ಲ, ಕೌಂಟರ್ ಮುಚ್ಚಲು ಅರ್ಧ ಗಂಟೆಯಿದೆ. ದಾರಿಯಲ್ಲಿರುತ್ತಾರೆ ಎಂದುಕೊಂಡು ಸಟನ್ನಿನ ಮನೆಗೇ ಫೋನ್ ಮಾಡಿದೆ, ಯಾರೂ ಎತ್ತಬಾರದು ಎಂದು ಬೇಡಿಕೊಳ್ಳುತ್ತ. ಮೊದಲ ರಿಂಗಿಗೇ ಎತ್ತಿದರು. ಹಿಂದೆ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ಸದ್ದು.

“ಚಪಾತಿ ಮಾಡ್ಲಿಕ್ಕತ್ತೀನವಾ. ದವಾಖಾನಿ ಊಟ ಅಕೀಗೆ ಸೇರೂದಿಲ್ಲ. ಅವ್ರ ಅಪ್ಪಾರು ಆಪರೇಶನ್ ಥೇಟರ್‌ನ್ಯಾಗ ಅದಾರ, ಹನ್ನೆರಡಕ್ಕ ಮುಗೀತದ ಅವ್ರದು. ಸಣ್ಣ ಪೆಟ್ಟಿಗೆ ಯಾಕ ಕೇಸ್ ಬಿಡಸಬೇಕು ಅಂತ ಹೇಳಿಲ್ಲ ನಾ. ಮಧ್ಯಾಹ್ನ ಮ್ಯಾಲಿಂದು ಒಂದ ವಿಮಾನ ಇರ್ತದಲಾ, ಅದಕ್ಕ ಬರ್ತೀವಿ.”

ಆಗ ತಿಳಿಯಿತು ನಾನು ಮಾಡಿದ್ದೇನೆಂದು. ನಾನು ಮಾತಾಡಿದ್ದು ಊರಿನವರ ಹಾಗೆ. ಆಕೆ ಕೇಳಿಸಿಕೊಂಡದ್ದು ಇಂಗ್ಲಿಷ್ ಕಂಪನಿಯ ಮಾತನ್ನು. ಮೂವತ್ತು ವರ್ಷ ಈ ದೇಶದಲ್ಲಿ ಡಾಕ್ಟರ ಹೆಂಡತಿಯಾಗಿ ಬಾಳಿದವರು. ಇಲ್ಲಿ ಆಸ್ಪತ್ರೆಯವರು ಸಣ್ಣ ಪೆಟ್ಟು ಎಂದರೆ ಸಣ್ಣ ಪೆಟ್ಟೇ, ಮುಚ್ಚುಮರೆ ಇಲ್ಲ ಎಂದು ನಂಬಿದವರು. ಅವರ ತಪ್ಪು ಏನೇನೂ ಇರಲಿಲ್ಲ. ಹೇಳಬೇಕಾದ್ದನ್ನು ಹೇಳದೆ ಉಳಿದವಳು ನಾನು.

ಈಗ ಎರಡು ದಾರಿ. ಆಗಿದ್ದು ಆಯಿತು, ಮೂರರ ವಿಮಾನಕ್ಕೆ ಸೀಟು ಮಾಡಿ, ಅಲ್ಲಿಯ ಡಾಕ್ಟರೇ ಹೇಳಲಿ ಎಂದು ಸುಮ್ಮನಿರುವುದು. ಇಲ್ಲವೇ ಈಗಲೇ ಹೇಳುವುದು. ಹೇಳಿದರೂ ಹನ್ನೆರಡೂ ಕಾಲಿನ ವಿಮಾನ ಅವರಿಗೆ ಸಿಗುವ ಹಾಗಿರಲಿಲ್ಲ. ಆದರೂ ಆ ತಾಯಿ ಚಪಾತಿ ಲಟ್ಟಿಸುತ್ತ ನಿಂತದ್ದು ನನಗೆ ಸಹಿಸಲು ಆಗಲಿಲ್ಲ.

“ಅಕ್ಕಾ, ಗ್ಯಾಸ್ ಆರಿಸಿ. ಕೂತ್ಕೊಳ್ಳಿ,” ಎಂದೆ. “ಬೆಳಗ್ಗೆ ನಾನು ಸರಿಯಾಗಿ ಹೇಳಲಿಲ್ಲ. ನನ್ನಿಂದ ತಪ್ಪಾಯ್ತು. ಹಿಮ ಕುಸಿದು ಅವಳು ನಲವತ್ತು ನಿಮಿಷ ಹೂತುಹೋಗಿದ್ದಳು. ಹೃದಯ ನಿಂತಿದೆ. ಯಂತ್ರದ ಮೇಲೆ ಇಟ್ಟಿದ್ದಾರೆ. ಉಳಿಯೋದು ಬಹಳ ಕಷ್ಟ.”

ಫ್ಯಾನಿನ ಸದ್ದು ನಿಂತಿತು. ಆಮೇಲೆ ಕೇಳಿದರು, “ಮುಂಜಾನೆ ಗೊತ್ತಿತ್ತೇನು ನಿನಗ?”

“ಗೊತ್ತಿತ್ತು ಅಕ್ಕಾ.”

“ಖರೇ ಹೇಳಿದ್ರ ನಾ ಹಂಗ ಬರ್ತಿದ್ದೆ. ಉಟ್ಟ ಸೀರಿ ಮ್ಯಾಲೆ ಬರ್ತಿದ್ದೆ.” ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ನಾನು ಮಾಡಬಹುದಾದ್ದನ್ನೆಲ್ಲ ಮಾಡಿದೆ. ತಂದೆಯ ಆಸ್ಪತ್ರೆಗೆ ಫೋನ್ ಮಾಡಿ ಥೇಟರಿನಿಂದ ಅವರನ್ನು ಹೊರಗೆ ಕರೆಸಿದೆ. ಅವರು ಅರಿವಳಿಕೆಯ ಡಾಕ್ಟರು. ಕೇಳಿದ್ದು ಎರಡೇ ಪ್ರಶ್ನೆ, ಟೆಂಪರೇಚರ್ ಎಷ್ಟು, ಪೊಟ್ಯಾಸಿಯಂ ಎಷ್ಟು. ಹನ್ನೊಂದು ಎಂದಾಗ “ಹನ್ನೊಂದು” ಎಂದು ತಾವೂ ಒಮ್ಮೆ ಹೇಳಿದರು. ನಾನು ಬಿಡಿಸಿ ಹೇಳಬೇಕಾದ್ದು ಏನೂ ಉಳಿದಿರಲಿಲ್ಲ.

ಬೇರೆ ವಿಮಾನ ಹುಡುಕಿದೆ. ಹೀಥ್ರೂ ನೋಡಿದೆ, ಸಿಟಿ ಏರ್‌ಪೋರ್ಟ್ ನೋಡಿದೆ, ಲೂಟನ್ ನೋಡಿದೆ. ಶಾಲೆಗಳಿಗೆ ರಜೆಯ ವಾರ, ಎಲ್ಲ ಕಡೆ ಸ್ಕೀಗೆ ಹೋಗುವವರೇ. ಸಣ್ಣ ಬಾಡಿಗೆ ವಿಮಾನವನ್ನೂ ಕೇಳಿದೆ. ಅದು ಏಳುವುದೂ ಮೂರಕ್ಕೇ ಆಗುತ್ತಿತ್ತು. ಕೊನೆಗೆ ಗ್ಯಾಟ್‌ವಿಕ್‌ನ ಮೂರರದ್ದಕ್ಕೇ ಹಾಕಿದೆ. ಇಳಿದಲ್ಲಿ ಕಾರು, ಪಾಸ್‌ಪೋರ್ಟ್ ಸಾಲಿನಿಂದ ಅವರನ್ನು ಮೊದಲು ಬಿಡಿಸಲು ಒಬ್ಬರು ಸಿಬ್ಬಂದಿ, ಎಲ್ಲ ಗೊತ್ತುಮಾಡಿದೆ. ಶಿಫ್ಟ್ ಲೀಡರ್ ಹತ್ತಿರ ಹೋಗಿ ಬೆಳಗ್ಗೆ ನಾನು ಏನು ಹೇಳಿದೆನೆಂದು ಒಪ್ಪಿಕೊಂಡೆ. ಫೈಲಿನಲ್ಲೂ ಹಾಗೇ ಬರೆಸಿದಳು. ಆಮೇಲೆ ಒಂದು ಕಪ್ ಚಹಾ ತಂದು ಮೇಜಿನ ಮೇಲಿಟ್ಟಳು. ಅದು ಅಲ್ಲೇ ಆರಿಹೋಯಿತು.

ಅಲ್ಲಿಯ ಡಾಕ್ಟರಿಗೆ ಗಂಟೆಗೊಮ್ಮೆ ಫೋನ್ ಮಾಡಿದೆ. ಒಂದು ಗಂಟೆಗೆ ಇಪ್ಪತ್ತೊಂಬತ್ತು ಡಿಗ್ರಿ. ಎರಡಕ್ಕೆ ಮೂವತ್ತೆರಡು. ಎದೆಗೆ ವಿದ್ಯುತ್ ಕೊಟ್ಟು ನೋಡಿದರು, ಬಡಿಯಲಿಲ್ಲ. ಎರಡೂವರೆಗೆ ಮತ್ತೆ ಕೊಟ್ಟರು. ನಾನು ದೇವರನ್ನು ನೆನೆದೆ. ಆನೆಗುಡ್ಡೆಯ ಗಣಪತಿಗೆ ಹರಕೆ ಹೊತ್ತೆ. ತಂದೆತಾಯಿ ಐದೂವರೆಗೆ ಮುಟ್ಟುತ್ತಾರೆ, ಅಲ್ಲಿಯವರೆಗೆ ಯಂತ್ರ ನಿಲ್ಲಿಸಬೇಡಿ ಎಂದು ಬೇಡಿದೆ. ಆ ಡಾಕ್ಟರ್ ಒಳ್ಳೆಯ ಮನುಷ್ಯ. ಪ್ರಯತ್ನಪಡುತ್ತೇವೆ, ಆದರೆ ಒಳಗೆ ರಕ್ತಸ್ರಾವ ಶುರುವಾಗಿದೆ, ಹಿಡಿದಿಡುವುದು ನಮ್ಮ ಕೈಯಲ್ಲಿಲ್ಲ ಎಂದ.

ಮೂರಕ್ಕೆ ನನ್ನ ಶಿಫ್ಟು ಮುಗಿಯಿತು. ನಾನು ಏಳಲಿಲ್ಲ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅಲ್ಲಿ ಯಂತ್ರ ನಿಲ್ಲಿಸಿದರು.

ಅವರ ವಿಮಾನ ಇಳಿಯುವುದು ನಾಲ್ಕೂ ಮೂವತ್ತೈದಕ್ಕೆ. ಇಳಿದ ಕೂಡಲೇ ಯಾರಾದರೂ ಹೇಳಬೇಕು. ಆಸ್ಪತ್ರೆಯ ಬಾಗಿಲಲ್ಲಿ ತಿಳಿಯುವ ಹಾಗಾಗಬಾರದು. ನಾನು ಮಾಡಲೇ ಎಂದು ಡೆಸ್ಕ್ ಡಾಕ್ಟರ್ ಕೇಳಿದರು. ಬೇಡ, ನನ್ನದೇ ಕೆಲಸ ಎಂದೆ. ಕಾರಿನಲ್ಲಿ ಕೂತಿದ್ದಾರೆಂದು ಚಾಲಕ ತಿಳಿಸಿದ ಮೇಲೆ ಅವರ ಮೊಬೈಲಿಗೆ ಮಾಡಿದೆ. ತಾಯಿಯೇ ಎತ್ತಿದರು.

“ಅಕ್ಕಾ, ಅವಳು ತೀರಿಹೋದಳು,” ಎಂದೆ. ಸುತ್ತಿ ಬಳಸಲಿಲ್ಲ.

ಉಸಿರು ಎಳೆದುಕೊಂಡದ್ದು ಕೇಳಿಸಿತು. ಆಮೇಲೆ ಆ ಹೆಂಗಸು, ನನಗಿಂತ ಹದಿನೈದು ವರ್ಷ ದೊಡ್ಡವರು, ಮಗುವಿನ ಹಾಗೆ ಕೇಳಿದರು: “ಮುಂಜಾನೆ ಹೇಳಿದ್ಯಲ್ಲವಾ ಸ್ವಲ್ಪ ಪೆಟ್ಟಾಗೇದ ಅಂತ. ಈಗೂ ಹಂಗ ಹೇಳವಾ. ದವಾಖಾನಿ ಮುಟ್ಟೂತನಕ ಹಂಗ ಹೇಳು.”

“ಆಗಲ್ಲ ಅಕ್ಕಾ,” ಎಂದೆ. ನಾನು ಅಳುತ್ತಿದ್ದೆ. ಹನ್ನೆರಡು ಮೇಜಿನವರೂ ನೋಡುತ್ತಿದ್ದರು.

ಫೋನ್ ತಂದೆಯ ಕೈಗೆ ಹೋಯಿತು. “ಎಷ್ಟಕ್ಕ?” ಎಂದು ಕೇಳಿದರು.

“ಮೂರು ಐವತ್ತಕ್ಕೆ ಸರ್.”

“ನಾವು ಮ್ಯಾಲಿದ್ವಿ ಆವಾಗ.” “ಒಂದ ಕೇಳ್ತೀನಿ, ಇದ್ದದ್ದ ಇದ್ದಾಂಗ ಹೇಳ್ರಿ. ಮದ್ಲಿನ ವಿಮಾನಕ್ಕ ಬಂದಿದ್ರ ಸಿಗ್ತಿದ್ಲೇನು?”

ಇಲ್ಲ ಎನ್ನಬಹುದಿತ್ತು. ಎದೆ ಬಡಿತವೇ ಇರದ ಹುಡುಗಿ, ಸಿಕ್ಕಿ ಏನು ಬಂತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳಬಹುದಿತ್ತು. ಆದರೆ ಆ ದಿನಕ್ಕೆ ನಾನು ಹೇಳಿದ ಒಂದು ಸುಳ್ಳು ಸಾಕಾಗಿತ್ತು.

“ಒಂದು ಗಂಟೆ ಸಿಗ್ತಿತ್ತು ಸರ್. ಯಂತ್ರ ನಡೀತಾ ಇತ್ತು. ಅಷ್ಟು ಹೊತ್ತಿಗೆ ಮೈ ಬೆಚ್ಚಗಾಗಿತ್ತು. ಕೈ ಹಿಡ್ಕೊಂಡು ಕೂರಬಹುದಿತ್ತು.”

ಅವರು ಹೂಂ ಅಂದರು. ಥ್ಯಾಂಕ್ಯೂ ಅಂದರು. ಫೋನ್ ಕಟ್ ಮಾಡಲು ಹೋಗಿ ಗುಂಡಿ ಸರಿಯಾಗಿ ಒತ್ತಿರಲಿಲ್ಲವೋ ಏನೋ, ಕಾರಿನೊಳಗಿನ ಮಾತು ನನಗೆ ಕೇಳಿಸುತ್ತಲೇ ಇತ್ತು.

“ಏನಂದ್ಲರೀ?” ಎಂದು ತಾಯಿ ಕೇಳಿದರು. “ಮದ್ಲಿನ ವಿಮಾನಕ್ಕ ಬಂದಿದ್ರ?”

“ಇಲ್ಲಂತ,” ಅಂದರು ಅವರು. “ಮುಂಜಾನೇನ ಹೋಗಿದ್ಲಂತ, ಆ ಗುಡ್ಡದ ಮ್ಯಾಲೇನ. ನಾವು ಯಾವಾಗ ಬಂದಿದ್ರೂ ಸಿಗ್ತಿರ್ಲಿಲ್ಲಂತ.”